ಕೋಟು ತೊಟ್ಟ ಕೆಸು

ನಮ್ಮ ಎದುರು ಮನೆಯ ರಾಯರು ನಿವೃತ್ತರಾದ ಮೇಲೆ ತಾರಸಿ ತೋಟಕ್ಕೆ ಬಿದ್ದರು. ಬಿದ್ದವರು ಇನ್ನೂ ಎದ್ದಿಲ್ಲ. ಮೊದಲೆಲ್ಲ ಅವರ ತಾರಸಿಯ ಮೇಲೆ ಸಂಡಿಗೆ ಒಣಗುತ್ತಿತ್ತು, ಪಂಚೆ ಒಣಗುತ್ತಿತ್ತು. ಈಗ ಅಲ್ಲಿ ಯಾವುದಕ್ಕೂ ಒಣಗುವ ಹಕ್ಕಿಲ್ಲ, ಬರೀ ಕುಂಡಗಳು. ಒಂದೊಂದು ಕುಂಡಕ್ಕೂ ಒಂದೊಂದು ಐಸ್‌ಕ್ರೀಂ ಕಡ್ಡಿ ಚುಚ್ಚಿ, ಅದರ ಮೇಲೆ ಲೆಡ್ಜರ್ ಬರೆದು ಪಳಗಿದ ದುಂಡು ಅಕ್ಷರದಲ್ಲಿ ಗಿಡದ ಹೆಸರು ಬರೆದಿದ್ದಾರೆ. ಕನ್ನಡದ್ದಲ್ಲ, ಇಂಗ್ಲಿಷಿನದೂ ಅಲ್ಲ, ಲ್ಯಾಟಿನ್ನಿನದು. ದಾಸವಾಳವನ್ನು ಅವರು ದಾಸವಾಳ ಅನ್ನುವುದಿಲ್ಲ. "ಹಿಬಿಸ್ಕಸ್ ರೋಸಾ-ಸೈನೆನ್ಸಿಸ್‌ಗೆ ಯಾಕೋ ಈ ಸಲ ಮೊಗ್ಗೇ ನಿಲ್ತಿಲ್ಲ" ಅನ್ನುತ್ತಾರೆ, ದೂರದ ನೆಂಟರ ಮನೆಯ ಹೆಣ್ಣುಮಗಳ ವಿಷಯ ಹೇಳುವ ದನಿಯಲ್ಲಿ.

ಆಷಾಢದ ಒಂದು ಭಾನುವಾರ ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಕಾಫಿಗಿಂತ ಮೊದಲು ತಾರಸಿ. ಮೂಲೆಯಲ್ಲಿ ಹೊಳೆಯುವ ಪಿಂಗಾಣಿ ಕುಂಡ, ಅದರೊಳಗೆ ಆನೆಕಿವಿಯಂಥ ಕರೀ ಎಲೆ ಬಿಟ್ಟ ಗಿಡ.

"ಕೋಲೊಕೇಸಿಯಾ ಎಸ್ಕುಲೆಂಟಾ. ಬ್ಲ್ಯಾಕ್ ಮ್ಯಾಜಿಕ್ ತಳಿ. ನರ್ಸರಿಯವನು 650 ಅಂದ, 600ಕ್ಕೆ ಮುಗಿಸಿದೆ" ಅಂದರು ರಾಯರು.

ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ, ದಂಟು ನೋಡಿ, "ರಾಯರೇ, ಇದು ಕೆಸು ಅಲ್ವಾ? ನಮ್ಮಮ್ಮನ ಮನೇಲಿ ಬಚ್ಚಲು ನೀರು ಹೋಗೋ ಕಡೆಯೆಲ್ಲ ಇದೇ" ಅಂದಳು.

600 ರೂಪಾಯಿ ಕೊಟ್ಟವರ ಮುಖ ಹೇಗಾಗಬೇಕೋ ಹಾಗೇ ಆಯಿತು. "ಕೆಸುವೇ ಇರಬಹುದಮ್ಮ. ಆದರೆ ಇದು ಕೋಲೊಕೇಸಿಯಾ."

"ಎಸ್ಕುಲೆಂಟಾ ಅಂದ್ರೆ ಏನು?"

"ಎಸ್ಕುಲೆಂಟಾ ಅಂದರೆ... ಅದು ಹೆಸರು ಕಣಮ್ಮ. ಹೆಸರಿಗೆಲ್ಲ ಅರ್ಥ ಇರುತ್ಯೇ?"

ಮನೆಗೆ ಬಂದು ನಾನು ಹುಡುಕಿದೆ. ಎಸ್ಕುಲೆಂಟಾ ಅಂದರೆ ಲ್ಯಾಟಿನ್ನಿನಲ್ಲಿ 'ತಿನ್ನಲು ಬರುವಂಥದ್ದು' ಎಂದರ್ಥ. ಅಂದರೆ ರಾಯರು ತಮ್ಮ ಕೈಯಾರೆ, ದುಂಡು ಅಕ್ಷರದಲ್ಲಿ, ಆ ಗಿಡದ ಕುತ್ತಿಗೆಗೆ 'ಇದನ್ನು ತಿನ್ನಬಹುದು' ಎಂದು ಬೋರ್ಡು ಕಟ್ಟಿದ್ದರು. ಇದನ್ನು ನಾನು ಹೆಂಡತಿಗೆ ಹೇಳಬಾರದಿತ್ತು. ಅದರ ಕಥೆ ಆಮೇಲೆ.

ಈ ಒಂದು ಪದದಿಂದ ನನಗೆ ಹುಚ್ಚು ಹಿಡಿಯಿತು. ಪಿಯುಸಿಯಲ್ಲಿ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಈ ಹೆಸರುಗಳ ಕೆಳಗೆ ಅಡ್ಡಗೆರೆ ಎಳೆದು ಎಳೆದು ಸ್ಕೇಲು ಸವೆಸಿದವನು ನಾನು. ಆಗ ಯಾರೂ ಅರ್ಥ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮದುವೆ ಮಂಟಪದಲ್ಲಿ ಪುರೋಹಿತರು ಹೇಳಿದ ಮಂತ್ರಕ್ಕೆ ಯಾರು ಅರ್ಥ ಕೇಳುತ್ತಾರೆ? ತಿಳಿಯದಿದ್ದಷ್ಟೂ ಅದಕ್ಕೆ ಮಹಿಮೆ. ಈಗ ಅರ್ಥ ಬಿಡಿಸುತ್ತಾ ಹೋದರೆ ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ನಮ್ಮೂರ ಕಟ್ಟೆಯ ಮೇಲೆ ಕೂತವರು ಬರುವವರಿಗೆ ಹೋಗುವವರಿಗೆಲ್ಲ ಇಡುತ್ತಿದ್ದ ಅಡ್ಡಹೆಸರುಗಳಿದ್ದವಲ್ಲ, ಗೂನ, ಬುಡ್ಡ, ಮೂಗ್ಗೊಣ್ಣೆ ಅಂತ, ಅವೇ ಇವು. ಕಟ್ಟೆ ಮಾತ್ರ ಯುರೋಪಿನದು.

ಆ ಕಟ್ಟೆಯ ಯಜಮಾನ ಸ್ವೀಡನ್ನಿನ ಕಾರ್ಲ್ ಲಿನೇಯಸ್. 1707ರಲ್ಲಿ ಹುಟ್ಟಿದವನು. ಅವನ ಅಪ್ಪನಿಗೆ ಮನೆತನದ ಹೆಸರೇ ಇರಲಿಲ್ಲ; ಓದಲು ಸೇರಿದಾಗ ಒಂದು ಬೇಕಾಯಿತು, ಮನೆಯ ಜಮೀನಿನಲ್ಲಿದ್ದ ದೊಡ್ಡ ಲಿಂಡೆನ್ ಮರದ ಹೆಸರನ್ನೇ ಲ್ಯಾಟಿನ್ ಮಾಡಿ ಇಟ್ಟುಕೊಂಡ. ನಮ್ಮ ಹಲಸೂರು, ಹುಣಸೂರಿನವರಿಗೆ ಇದರಲ್ಲಿ ಆಶ್ಚರ್ಯ ಕಾಣಲಾರದು. ಮರದಿಂದ ಹೆಸರು ಪಡೆದ ಮನೆಯ ಮಗ ಮುಂದೆ ಮರಗಳಿಗೆಲ್ಲ ಹೆಸರಿಟ್ಟು ಸಾಲ ತೀರಿಸಿದ ಅನ್ನಿ.

ಅವನಿಗಿಂತ ಮೊದಲೂ ಲ್ಯಾಟಿನ್ ಹೆಸರುಗಳಿದ್ದವು, ಆದರೆ ಅವು ಹೆಸರುಗಳಲ್ಲ, ಅರ್ಜಿಗಳು. ನಾವು ಬೇಲಿಯಲ್ಲಿ ಕಿತ್ತು ತಿನ್ನುತ್ತಿದ್ದ ಬುಡ್ಡೆಹಣ್ಣಿನ ಜಾತಿಯ ಒಂದು ಗಿಡವನ್ನು ಕರೆಯಬೇಕಾದರೆ 'ಫೈಸಾಲಿಸ್ ಆನ್ಯುವಾ ರಾಮೋಸಿಸ್ಸಿಮಾ, ರಾಮಿಸ್ ಆಂಗ್ಯುಲೋಸಿಸ್ ಗ್ಲಾಬ್ರಿಸ್, ಫೋಲಿಯಿಸ್ ಡೆಂಟಾಟೊ-ಸೆರ್ರಾಟಿಸ್' ಅನ್ನಬೇಕಿತ್ತು. ವರ್ಷಕ್ಕೊಮ್ಮೆ ಬರುವ, ಬಹಳ ಕವಲೊಡೆದ, ಕೋನಕೋನವಾದ ನುಣುಪು ಕೊಂಬೆಗಳ, ಎಲೆಯಂಚು ಹಲ್ಲುಹಲ್ಲಾದ ಬುಡ್ಡೆಗಿಡ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಪಕ್ಕದವನು ಹಣ್ಣು ತಿಂದು ಮುಗಿಸಿರುತ್ತಿದ್ದ. ಲಿನೇಯಸ್ 1753ರ ತನ್ನ 'ಸ್ಪೀಷೀಸ್ ಪ್ಲಾಂಟಾರಮ್' ಗ್ರಂಥದಲ್ಲಿ 6000ದ ಹತ್ತಿರ ಗಿಡಗಳಿಗೆ ಎರಡೆರಡೇ ಪದ ಕೊಟ್ಟ: ಮೊದಲು ಕುಲದ ಹೆಸರು, ಆಮೇಲೆ ಪ್ರಭೇದದ್ದು. ಅರ್ಜಿ ಹೋಗಿ 'ಫೈಸಾಲಿಸ್ ಆಂಗ್ಯುಲೇಟಾ' ಆಯಿತು. ಗ್ರೀಕಿನಲ್ಲಿ ಫೈಸಾ ಅಂದರೆ ಗಾಳಿ ತುಂಬಿದ ಬುಡ್ಡೆ. ನಮ್ಮ ದನ ಕಾಯುವ ಹುಡುಗರೂ ಅದನ್ನೇ ಅಂದದ್ದು. ಆದರೆ ಅವರಿಗೆ ಯಾವ ವಿಶ್ವವಿದ್ಯಾಲಯವೂ ಕುರ್ಚಿ ಕೊಡಲಿಲ್ಲ.

ಲಿನೇಯಸ್ ಕಟ್ಟೆ ಬುದ್ಧಿಯ ಮನುಷ್ಯ ಅಂದೆನಲ್ಲ, ಅದಕ್ಕೆ ಸಾಕ್ಷಿ ಇದೆ. ಹಾಲೆಂಡಿನಲ್ಲಿ ಕಾಮೆಲಿನ್ ಎಂಬ ಮನೆತನ. ಅದರಲ್ಲಿ ಮೂವರು. ಇಬ್ಬರು ಹೆಸರಾಂತ ಸಸ್ಯಶಾಸ್ತ್ರಿಗಳು, ಮೂರನೆಯವನು ಏನನ್ನೂ ಸಾಧಿಸುವ ಮೊದಲೇ ತೀರಿಕೊಂಡ. ಗದ್ದೆ ಬದುವಿನಲ್ಲಿ, ಚರಂಡಿ ಪಕ್ಕದಲ್ಲಿ ಮಳೆಗಾಲದಲ್ಲಿ ಪುಟ್ಟ ನೀಲಿ ಹೂ ಬಿಡುವ ಕಳೆಯೊಂದಿದೆ, ನೀವೂ ತುಳಿದೇ ಇರುತ್ತೀರಿ. ಅದಕ್ಕೆ ಎರಡು ಎಸಳು ಎದ್ದು ಕಾಣುತ್ತವೆ, ಮೂರನೆಯದು ಇದೆಯೋ ಇಲ್ಲವೋ ಎಂಬಂತೆ ಕೆಳಗೆ ಮುದುಡಿಕೊಂಡಿರುತ್ತದೆ. ಲಿನೇಯಸ್ ಅದಕ್ಕೆ ಕಾಮೆಲಿನಾ ಎಂದು ಹೆಸರಿಟ್ಟು, ಯಾಕೆ ಇಟ್ಟೆ ಎಂಬುದನ್ನೂ ಬರೆದಿಟ್ಟ. ಸತ್ತವನನ್ನೂ ಬಿಡಲಿಲ್ಲ ಪುಣ್ಯಾತ್ಮ.

ಅದೇ ಕೈ ಕೆಲವೊಮ್ಮೆ ಮುದ್ದಾದ ಹೆಸರನ್ನೂ ಒಪ್ಪಿಕೊಳ್ಳುತ್ತಿತ್ತು. ನಮ್ಮ ಬಸವನಪಾದದ ಮರ ನೋಡಿ. ಎಲೆ ಮಧ್ಯಕ್ಕೆ ಸೀಳಿ ಎರಡು ಹಾಳೆ ಅಂಟಿಸಿದಂತಿದೆ. ಅದರ ಕುಲ ಬೌಹಿನಿಯಾ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಬೌಹಿನ್ ಅಣ್ಣತಮ್ಮಂದಿರ ಹೆಸರು. ಇಬ್ಬರೂ ಸಸ್ಯಶಾಸ್ತ್ರಿಗಳು, ಹಾಗಾಗಿ ಒಂದೇ ತೊಟ್ಟಿಗೆ ಎರಡು ಹಾಳೆ. ಒಂದೇ ಎಲೆ ನೋಡಿ ಅವರಿಗೆ ಅಣ್ಣತಮ್ಮಂದಿರು ಕಂಡರು, ನಮಗೆ ಎತ್ತಿನ ಗೊರಸು ಕಂಡಿತು. ಬಸವನನ್ನು ನೋಡಿದ ನಾವೇ ಗೆದ್ದೆವು ಎಂಬುದು ನನ್ನ ಅಭಿಪ್ರಾಯ. ಅಣ್ಣತಮ್ಮಂದಿರು ಕೊನೆಯವರೆಗೆ ಒಂದೇ ತೊಟ್ಟಿನಲ್ಲಿರುವುದನ್ನು ನಾನಂತೂ ಕಂಡಿಲ್ಲ.

ಇನ್ನು ಜಗಳದ ಹೆಸರು. ಲಿನೇಯಸ್ ಗಿಡಗಳನ್ನು ಗುಂಪು ಮಾಡಲು ಹೂವಿನ ಗಂಡು ಕೇಸರ, ಹೆಣ್ಣು ಕೇಸರಗಳನ್ನು ಎಣಿಸಿದ. ಎಣಿಸಿದ್ದು ಸರಿ, ಅವುಗಳನ್ನು ಗಂಡಂದಿರು, ಹೆಂಡತಿಯರು ಎಂದು ಬಣ್ಣಿಸಿದ. ಹಾಸಿಗೆ, ಮದುವೆ, ಒಬ್ಬಳಿಗೆ ಇಪ್ಪತ್ತು ಗಂಡಂದಿರು, ಹೀಗೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಸೀಗೆಸ್‌ಬೆಕ್ ಎಂಬ ಪಂಡಿತನಿಗೆ ಮೈ ಉರಿಯಿತು. ದೇವರು ಸಸ್ಯಲೋಕದಲ್ಲಿ ಇಂಥ ಹಾದರಕ್ಕೆ ಎಡೆ ಕೊಟ್ಟಿರಲು ಸಾಧ್ಯವೇ ಇಲ್ಲ ಎಂದು ಬರೆದ. ಈಗ ನಮ್ಮ ಬೆಟ್ಟಗಳಲ್ಲೂ ಬೆಳೆಯುವ, ಮುಟ್ಟಿದರೆ ಕೈಗೆ ಜಿಗುಟು ಅಂಟುವ ಸಣ್ಣ ಕಳೆಯೊಂದರ ಕುಲದ ಹೆಸರು ಸೀಗೆಸ್‌ಬೆಕಿಯಾ. ಜಗಳಕ್ಕೆ ಸೇಡು ಎಂದೇ ಜನ ಇದನ್ನು ಹೇಳಿಕೊಂಡು ಬಂದಿದ್ದಾರೆ. ಕಥೆಗೆ ಬಾಲವೂ ಇದೆ: ಲಿನೇಯಸ್ ಅದರ ಬೀಜದ ಪೊಟ್ಟಣದ ಮೇಲೆ 'ಉಪಕಾರಗೇಡಿ ಕೋಗಿಲೆ' ಎಂದು ಲ್ಯಾಟಿನ್ನಿನಲ್ಲಿ ಬರೆದನಂತೆ, ಅದು ಹೇಗೋ ಸೀಗೆಸ್‌ಬೆಕ್‌ನ ಕೈಗೇ ಸೇರಿತಂತೆ, ಅವನು ಬಿತ್ತಿ, ನೀರೆರೆದು, ಏನು ಬರುತ್ತದೆ ಎಂದು ಕಾದನಂತೆ. ಬಂದದ್ದು ತಾನೇ.

ಆ ಸೀಗೆಸ್‌ಬೆಕ್‌ ಬದುಕಿದ್ದು ನಮ್ಮ ಮನೆಗೆ ಬಂದಿದ್ದರೆ ಏನಾಗುತ್ತಿತ್ತೋ. ಯಾಕೆಂದರೆ ಈ ಸಸ್ಯಪಂಡಿತರಿಗೆ ಲ್ಯಾಟಿನ್, ಗ್ರೀಕು ಸಿಕ್ಕಿದ್ದು ಬಾಯಿಗೆ ಅಡ್ಡ ಸೆರಗು ಸಿಕ್ಕಂತಾಗಿತ್ತು. ಅದರ ಮರೆಯಲ್ಲಿ ಏನು ಬೇಕಾದರೂ ಹೇಳಬಹುದು. ಆರ್ಕಿಡ್ ಹೂವನ್ನು ಉಡುಗೊರೆ ಕೊಡುವವರು ಗ್ರೀಕಿನ ಆರ್ಕಿಸ್ ಎಂಬ ಪದದ ಅರ್ಥ ನೋಡಿಕೊಂಡು ಕೊಡುವುದು ಒಳ್ಳೆಯದು. ನೆಲದ ಕೆಳಗೆ ಜೋಡಿ ಗೆಡ್ಡೆಗಳಿರುತ್ತವೆ, ಅಷ್ಟು ಹೇಳಿ ಸುಮ್ಮನಾಗುತ್ತೇನೆ. ಅತ್ತೆಯವರು ಪ್ರೀತಿಯಿಂದ ಪಲ್ಯ ಮಾಡುವ ಸುವರ್ಣಗಡ್ಡೆಗೆ ಇಟ್ಟ ಗ್ರೀಕ್ ಹೆಸರು ಅಮಾರ್ಫೊಫ್ಯಾಲಸ್. 'ಅಮಾರ್ಫೊ' ಅಂದರೆ ಆಕಾರಗೆಟ್ಟ. ಉಳಿದರ್ಧ ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ. ದೇವಿ ಪೂಜೆಗೆ ಇಡುವ ಶಂಖಪುಷ್ಪದ ಕುಲನಾಮವನ್ನಂತೂ ಈ ಹಾಳೆಯ ಮೇಲೆ ಬರೆಯುವುದೇ ಇಲ್ಲ. ಆ ಹೂವನ್ನು ನೋಡಿ ನಮ್ಮವರಿಗೆ ಶಂಖ ನೆನಪಾಯಿತು, ಅವರಿಗೆ ಬೇರೇನೋ. ರಾಯರ ತಾರಸಿಯಲ್ಲಿ ಅದೂ ಇದೆ, ಅದಕ್ಕೂ ಕಡ್ಡಿ ಇದೆ, ದುಂಡು ಅಕ್ಷರವೂ ಇದೆ. ರಾಯರ ಮಡದಿ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಅಲ್ಲಿಂದಲೇ ಹೂ ಬಿಡಿಸುತ್ತಾರೆ. ನಾನು ಬಾಯಿ ಬಿಟ್ಟಿಲ್ಲ.

ನಾಚಿಕೆಯೇ ಇಲ್ಲದ ಜನ ಅಂದುಕೊಳ್ಳಬೇಡಿ. ಮುಟ್ಟಿದರೆ ಮುನಿಗೆ 'ಮಿಮೋಸಾ ಪುಡಿಕಾ' ಅಂದರು. ಗ್ರೀಕಿನ ಮೈಮೋಸ್ ಅಂದರೆ ಅಣಕಿಸುವವನು, ಲ್ಯಾಟಿನ್ನಿನ ಪುಡಿಕಾ ಅಂದರೆ ನಾಚುವವಳು. ನಾವು ಮುನಿಸು ಕಂಡಲ್ಲಿ ಅವರು ನಾಚಿಕೆ ಕಂಡರು. ಕರ್ಣಕುಂಡಲದ ಕುಲಕ್ಕೆ 'ಇಂಪೇಷಿಯನ್ಸ್', ತಾಳ್ಮೆಗೆಟ್ಟದ್ದು. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಸಿಡಿದು ಬೀಜ ಎರಚುತ್ತದೆ. ಯುರೋಪಿನಲ್ಲಿರುವ ಅದರ ಅಕ್ಕನ ಹೆಸರು ಇನ್ನೂ ಖಾರ: 'ಇಂಪೇಷಿಯನ್ಸ್ ನೋಲಿ-ಟಾಂಗೆರೆ'. ನೋಲಿ ಟಾಂಗೆರೆ ಅಂದರೆ 'ಮುಟ್ಟಬೇಡ'. ಈ ಪದವನ್ನು ನಾನು ರಾಯರಿಗೆ ಬಾಯಿಪಾಠ ಮಾಡಿಸಿದೆ, ಅವರಿಗೆ ತುಂಬ ಹಿಡಿಸಿತು. ಅದೂ ನಾನು ಮಾಡಬಾರದಿದ್ದ ಕೆಲಸವೇ.

ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೆಂಡತಿ ಸಾರು ಮಾಡುತ್ತಿದ್ದಳು. ಅವಳು ಪಾತ್ರೆಗೆ ಹಾಕಿದ್ದನ್ನೆಲ್ಲ ನಾನು ಲ್ಯಾಟಿನ್ನಿಂದ ಕನ್ನಡಕ್ಕೆ ತರುತ್ತಾ ಹೋದೆ.

ಮೊದಲು ತೊಗರಿಬೇಳೆ. 'ಕಾಜಾನಸ್ ಕಾಜಾನ್'. ಮಲಯ ಭಾಷೆಯಲ್ಲಿ ಕಾಳಿಗೆ ಹೇಳುವ ಕಚಾಂಗ್ ಎಂಬ ಪದವನ್ನೇ ಎರಡು ಸಲ ತಿರುಚಿದ್ದಾರೆ. ಪ್ರಾಣಿಶಾಸ್ತ್ರದಲ್ಲಿ ಒಂದೇ ಪದವನ್ನು ಎರಡು ಸಲ ಹೇಳಿ ಹೆಸರಿಡಬಹುದು. ನಾಗರಹಾವು 'ನಾಜಾ ನಾಜಾ', ಜಿಂಕೆ 'ಆಕ್ಸಿಸ್ ಆಕ್ಸಿಸ್'. ಸಸ್ಯಶಾಸ್ತ್ರದ ಕಟ್ಟಳೆ ಅದನ್ನು ಒಪ್ಪುವುದಿಲ್ಲ, ಒಂದಕ್ಷರವಾದರೂ ಬೇರೆಯಾಗಬೇಕು. ಹಾಗಾಗಿ ಕಾಜಾನಸ್ ಕಾಜಾನ್. ಕನ್ನಡದಲ್ಲಿ ನಾವಿದನ್ನು ದಿನಾ ಮಾಡುತ್ತೇವಲ್ಲ: ಕಾಳುಗೀಳು.

"ಕಾಳುಗೀಳು ಬೆಂದಿದೆ. ಮುಂದೆ?" ಅಂದಳು.

ಟೊಮೇಟೊ. ಬಹಳ ಕಾಲ ಅದರ ಹೆಸರು 'ಲೈಕೊಪರ್ಸಿಕಾನ್ ಎಸ್ಕುಲೆಂಟಮ್'. ಲೈಕೊ ಅಂದರೆ ಗ್ರೀಕಿನಲ್ಲಿ ತೋಳ, ಪರ್ಸಿಕಾನ್ ಅಂದರೆ ಪರ್ಷಿಯಾದ್ದು, ಅಂದರೆ ಪೀಚ್ ಹಣ್ಣು. ಒಟ್ಟು ಸೇರಿ, ತಿನ್ನಬಹುದಾದ ತೋಳನ ಪೀಚು. ಈಗ ಬದನೆಯ ಕುಲಕ್ಕೆ ಮರಳಿ ಸೇರಿಸಿ 'ಸೊಲಾನಮ್ ಲೈಕೊಪರ್ಸಿಕಮ್' ಎನ್ನುತ್ತಾರೆ. ತೋಳ ಉಳಿಯಿತು, ತಿನ್ನಬಹುದು ಎಂಬ ಭರವಸೆ ಹೋಯಿತು.

ಕೊತ್ತಂಬರಿ, 'ಕೋರಿಯಾಂಡ್ರಮ್ ಸಟೈವಮ್'. ಗ್ರೀಕಿನಲ್ಲಿ ಕೋರಿಸ್ ಅಂದರೆ ತಿಗಣೆ. ಹಸಿ ಸೊಪ್ಪಿನ ವಾಸನೆ ತಿಗಣೆಯಂತಿದೆ ಎಂದು ಆ ಹೆಸರು ಬಂತೆನ್ನುವುದು ಹಳೆಯ ವಿವರಣೆ. ಸಟೈವಮ್ ಅಂದರೆ ಬಿತ್ತಿ ಬೆಳೆದದ್ದು. ಈ ಸಟೈವ ಎಂಬುದು ನಮ್ಮ ಕಡೆ ಗೌಡ ಅಂದ ಹಾಗೆ, ಊರು ತುಂಬ ಇದ್ದಾರೆ. ಅಕ್ಕಿ 'ಒರೈಜಾ ಸಟೈವಾ', ಬೆಳ್ಳುಳ್ಳಿ 'ಆಲಿಯಮ್ ಸಟೈವಮ್', ಸೌತೆಕಾಯಿ 'ಕುಕುಮಿಸ್ ಸಟೈವಸ್'. ಗಾಂಜಾ ಕೂಡ 'ಕ್ಯಾನಬಿಸ್ ಸಟೈವಾ'. ಅನ್ನ ಉಣ್ಣುವವರು ಗಾಂಜಾ ಸೇದುವವರನ್ನು ನೋಡಿ ಮೂಗು ಮುರಿಯುವಂತಿಲ್ಲ, ಒಂದೇ ಸರ್‌ನೇಮು.

ಕರಿಬೇವಿಗೆ ಬಂದಾಗ ಅವಳು ಎಸಳು ಮುರಿಯುತ್ತಿದ್ದಳು. 'ಮುರ್ರಾಯಾ ಕೋನಿಗೈ'. ಇದರಲ್ಲಿ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಇಬ್ಬರು ಗಂಡಸರಿದ್ದಾರೆ: ಮುರ್ರೆ ಮತ್ತು ಕೋನಿಗ್. ಇಬ್ಬರೂ ಲಿನೇಯಸ್‌ನ ಶಿಷ್ಯರು. ಕೋನಿಗ್ ತರಂಗಂಬಾಡಿಯ ಡೇನಿಷ್ ನೆಲೆಗೆ ವೈದ್ಯನಾಗಿ ಬಂದು, ಗಿಡ ಹುಡುಕುತ್ತ ದಕ್ಷಿಣ ಭಾರತ ಸುತ್ತಿ, 1785ರಲ್ಲಿ ಇಲ್ಲೇ ತೀರಿಕೊಂಡ. ಪಾಪ, ಅಷ್ಟು ದೂರದಿಂದ ಬಂದವನನ್ನು ನಾವು ದಿನಾ ತಟ್ಟೆಯ ಅಂಚಿಗೆ ತಳ್ಳುತ್ತೇವೆ.

ಕೊನೆಗೆ ಒಗ್ಗರಣೆಗೆ ಇಂಗು. ಅದರ ಹೆಸರಲ್ಲಿರುವ 'ಅಸಫೀಟಿಡಾ' ಅರ್ಧ ಪರ್ಷಿಯನ್, ಅರ್ಧ ಲ್ಯಾಟಿನ್, ನಾರುವ ಅಂಟು. ತುರಿದ ಕಾಯಿಯೂ ಪಕ್ಕದಲ್ಲಿತ್ತು. ತೆಂಗಿಗೆ 'ಕೋಕೋಸ್ ನ್ಯೂಸಿಫೆರಾ'. ಪೋರ್ಚುಗೀಸರು ಮೊದಲ ಸಲ ತೆಂಗಿನಕಾಯಿಯ ಮೂರು ಕಣ್ಣು ನೋಡಿದಾಗ ಅವರಿಗೆ ಮಕ್ಕಳನ್ನು ಹೆದರಿಸುವ ಕೋಕೋ, ಅಂದರೆ ಗುಮ್ಮ, ನೆನಪಾಯಿತು. ನಾವು ಕಲ್ಪವೃಕ್ಷ ಅಂದದ್ದಕ್ಕೆ ಅವರು 'ಕಾಯಿ ಹೊತ್ತ ಗುಮ್ಮ' ಅಂದರು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂಬ ನಮ್ಮ ಗಾದೆಯನ್ನು ಇನ್ನು ಮೇಲೆ 'ನಾರುವ ಅಂಟೂ ಗುಮ್ಮನೂ ಇದ್ದರೆ' ಎಂದು ತಿದ್ದಿಕೊಳ್ಳಬೇಕು.

"ತಿಗಣೆ ಉದುರಿಸಿದ್ದೇನೆ, ತೋಳ ಬೆಂದಿದೆ, ತಟ್ಟೆ ಇಟ್ಕೊಳ್ಳಿ" ಅಂದಳು. ಆವತ್ತಿನ ಸಾರು ನಿಜಕ್ಕೂ ಚೆನ್ನಾಗಿತ್ತು.

ಸಾರಿನ ಹುಣಸೆಯನ್ನು ಬೇಕೆಂದೇ ಬಿಟ್ಟಿದ್ದೆ. ಅದಕ್ಕೆ ಪ್ರತ್ಯೇಕ ಪೀಠ ಹಾಕಬೇಕು. ಅರಬ್ಬರು ಅದನ್ನು 'ತಮರ್ ಹಿಂದೀ' ಎಂದರು, ಇಂಡಿಯಾದ ಖರ್ಜೂರ. ಅದು ಲ್ಯಾಟಿನ್ನಿನ ಬಾಯಿಗೆ ಬಂದು ಟ್ಯಾಮರಿಂಡಸ್ ಆಯಿತು. ಅದರ ಮುಂದೆ ಲಿನೇಯಸ್ 'ಇಂಡಿಕಾ' ಎಂದು ಸೇರಿಸಿದ. ಈಗ ಪೂರ್ತಿ ಓದಿ: ಇಂಡಿಯಾದ ಇಂಡಿಯಾ ಖರ್ಜೂರ. ಇಷ್ಟು ಒತ್ತಿ ಹೇಳಿದ ಮೇಲೆ ನಂಬಲೇಬೇಕಲ್ಲ? ಮರದ ತವರು ಆಫ್ರಿಕಾ.

ವಿಳಾಸ ತಪ್ಪಿದ್ದು ಇದೊಂದೇ ಅಲ್ಲ. 'ಕಾಫಿಯಾ ಅರೇಬಿಕಾ' ಅರೇಬಿಯಾದ್ದಲ್ಲ, ಇಥಿಯೋಪಿಯಾ ಕಡೆಯದು; ಅರಬ್ಬರ ಅಂಗಡಿಯಲ್ಲಿ ಕುಡಿದವರು ಅವರದೇ ಅಂದುಕೊಂಡರು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಎಂಬ ಪ್ರತೀತಿಯಿದೆಯಲ್ಲ, ಅವರಿಗಿಂತ ಮೊದಲು ಯಾರು ಎಲ್ಲಿಂದ ತಂದರೆಂದು ಯಾರೂ ಕೇಳಲಿಲ್ಲ. ಅಮೆರಿಕದ ಬೆಂಕಿಯಂಥ ಮೆಣಸಿನಕಾಯಿಯೊಂದಕ್ಕೆ 1776ರಲ್ಲಿ 'ಕ್ಯಾಪ್ಸಿಕಮ್ ಚೈನೆನ್ಸ್' ಎಂದು ಹೆಸರಿಟ್ಟರು, ಚೀನಾದ್ದೆಂದು ತಿಳಿದು. 'ಸಿಲ್ಲಾ ಪೆರುವಿಯಾನಾ' ಎಂಬ ನೀಲಿ ಹೂವಿನ ಗೆಡ್ಡೆಗಿಡ ಪೆರು ದೇಶವನ್ನು ಕಂಡದ್ದೇ ಇಲ್ಲ, ಅದು ಸ್ಪೇನ್, ಪೋರ್ಚುಗಲ್ ಕಡೆಯದು. 'ಪೆರು' ಎಂಬ ಹಡಗಿನಲ್ಲಿ ಬಂದಿತ್ತಂತೆ ಎಂದು ಒಂದು ಸಮಜಾಯಿಷಿ. ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದವನನ್ನು ತೋಟದವನು ಅಂದ ಹಾಗೆ.

ತಮಾಷೆಯೆಂದರೆ ಇವನ್ನೆಲ್ಲ ತಿದ್ದುವಂತಿಲ್ಲ. ಮೊದಲು ಯಾರು ಸರಿಯಾಗಿ ಪ್ರಕಟಿಸಿದರೋ ಅವರದೇ ಹೆಸರು, ಅರ್ಥ ತಪ್ಪಾದರೂ ಸರಿ. ನನ್ನ ಗುರುತಿನ ಚೀಟಿಯೊಂದರಲ್ಲಿ ನಮ್ಮಪ್ಪನ ಹೆಸರಿಗೆ ಬೇಡದ ದೀರ್ಘ ಬಿದ್ದು, ಅದನ್ನು ಕೀಳಿಸಲು ನಾನು ಏಳು ಸಲ ಅಲೆದೆ, ಕೊನೆಗೆ ಕಿತ್ತರು. ಸಿಲ್ಲಾ ಪೆರುವಿಯಾನಾಕ್ಕೆ ಆ ಭಾಗ್ಯವೂ ಇಲ್ಲ. ಹಾಗಂತ ಹೆಸರೇ ಬದಲಾಗುವುದಿಲ್ಲವೆಂದಲ್ಲ. ಗಿಡದ ಸಂಬಂಧ ಬೇರೆ ಕುಲದ ಜೊತೆ ಎಂದು ಗೊತ್ತಾದರೆ ರಾತ್ರೋರಾತ್ರಿ ಗೋತ್ರ ಬದಲು. ನಮ್ಮ ಸಂಪಿಗೆ ಬಹಳ ಕಾಲ 'ಮಿಕೇಲಿಯಾ ಚಂಪಾಕಾ' ಆಗಿತ್ತು, ಫ್ಲಾರೆನ್ಸಿನ ಸಸ್ಯಶಾಸ್ತ್ರಿ ಮಿಕೇಲಿಯ ಹೆಸರಲ್ಲಿ. ಈಗ 'ಮ್ಯಾಗ್ನೋಲಿಯಾ ಚಂಪಾಕಾ', ಫ್ರಾನ್ಸಿನ ಮ್ಯಾಗ್ನೋಲ್ ಮನೆ ಸೇರಿದೆ. ಎರಡು ಮನೆ ಬದಲಿಸಿದರೂ ತವರಿನ ಚಂಪಕ ಎಂಬ ಹೆಸರು ಬಿಡಲಿಲ್ಲ ನೋಡಿ, ಅದು ನನಗೆ ಇಷ್ಟ. ಎಲ್ಲ ಆಫೀಸುಗಳ ಬಾಗಿಲಲ್ಲೂ ಕತ್ತಿಯಂತೆ ನಿಂತಿರುವ ಸ್ನೇಕ್ ಪ್ಲಾಂಟ್‌ ಇದೆಯಲ್ಲ, ಇಂಗ್ಲಿಷರು ಅದಕ್ಕೆ 'ಅತ್ತೆಯ ನಾಲಿಗೆ' ಅನ್ನುತ್ತಾರೆ. ಅದರ ಕುಲಕ್ಕೆ ಇಟಲಿಯ ಸಿರಿವಂತನೊಬ್ಬನ ನೆನಪಿನ ಸ್ಯಾನ್ಸೆವಿಯೇರಿಯಾ ಎಂಬ ಹೆಸರಿತ್ತು. ಇತ್ತೀಚೆಗೆ ಅದನ್ನು ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ. ಡ್ರಸೀನಾ ಅಂದರೆ ಗ್ರೀಕಿನಲ್ಲಿ ಹೆಣ್ಣು ಡ್ರ್ಯಾಗನ್. ಆ ಸಭೆಯಲ್ಲಿ ಸೊಸೆಯರ ಬಹುಮತವಿತ್ತೋ ಏನೋ.

ಇಷ್ಟೆಲ್ಲ ಅರ್ಥ ಬಿಡಿಸುವಾಗ ನನಗೆ ಒಂದು ವಿಷಯ ಹೊಳೆಯಿತು. ಲ್ಯಾಟಿನ್ ಎಂದು ನಾವು ಕೈಮುಗಿಯುತ್ತಿರುವವರಲ್ಲಿ ಅರ್ಧ ಜನ ನಮ್ಮೂರಿನವರೇ. ಫಾರಿನ್ನಿಗೆ ಹೋಗಿ, ಹೆಸರಿನ ಬಾಲಕ್ಕೊಂದು 'ಅಸ್' 'ಇಯಾ' ಸಿಕ್ಕಿಸಿಕೊಂಡು, ಕೋಟು ಹಾಕಿಕೊಂಡು ಬಂದಿದ್ದಾರೆ. ನಾವು ಗುರುತು ಹಿಡಿಯದೆ "ಸರ್, ಕೂತ್ಕೊಳ್ಳಿ" ಅನ್ನುತ್ತಿದ್ದೇವೆ. ಅಡಿಕೆಯನ್ನೇ ತೆಗೆದುಕೊಳ್ಳಿ, 'ಅರೆಕಾ ಕ್ಯಾಟೆಚು'. ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಲ್ಲಿ ಅರೆಕ ಆಯಿತು. ಕ್ಯಾಟೆಚು ಅಂದರೆ ಕಾಚು. ಮಲಯ ಭಾಷೆಯ ದಾರಿಯಾಗಿ ಬಂತೆಂದು ನಿಘಂಟುಗಳು ಹೇಳುತ್ತವೆ, ನಮ್ಮ ಎಲೆಅಡಿಕೆ ತಟ್ಟೆಯಲ್ಲಿ ಅದೇ ಕಾಚು ಇದೆ. ಇಡೀ ಹೆಸರಲ್ಲಿ ಲ್ಯಾಟಿನ್ ಎಲ್ಲಿದೆ? ಸುಣ್ಣವೊಂದು ಹಚ್ಚಿದ್ದರೆ ಹಾಗೇ ಬಾಯಿಗೆ ಹಾಕಿಕೊಳ್ಳಬಹುದಿತ್ತು. ನುಗ್ಗೆಯ ಮೊರಿಂಗಾ ತಮಿಳಿನ ಮುರುಂಗೈ. ಕರಿಮೆಣಸಿನ 'ಪೈಪರ್ ನೈಗ್ರಮ್'ನಲ್ಲಿ ಪೈಪರ್ ಅಂದರೆ ಗ್ರೀಕಿನ ಪೆಪೆರಿ, ಪೆಪೆರಿ ಅಂದರೆ ಸಂಸ್ಕೃತದ ಪಿಪ್ಪಲಿ, ಪಿಪ್ಪಲಿ ಅಂದರೆ ಅಜ್ಜಿಯ ಕಷಾಯದ ಹಿಪ್ಪಲಿ. ಒಬ್ಬ ಅಣ್ಣನ ಹೆಸರು ಹೇಳಿ ತಮ್ಮ ರೋಮಿಗೆ ಹೋದದ್ದು. ಹೊಂಗೆಗೆ ಪೊಂಗಾಮಿಯಾ ಎಂಬ ಹೆಸರು ಪಕ್ಕದ ತಮಿಳು ಮಲಯಾಳದ ಪೊಂಗದಿಂದ ಬಂದದ್ದು. ಹಳಗನ್ನಡದ ಪಕಾರ ನಮ್ಮ ಬಾಯಲ್ಲಿ ಹಕಾರವಾದದ್ದು ನಿಮಗೆ ಗೊತ್ತು, ಪಾಲು ಹಾಲಾಯಿತು, ಪೂ ಹೂವಾಯಿತು. ನಾವೇ ಬಿಟ್ಟ ಪಕಾರವನ್ನು ಲ್ಯಾಟಿನ್ನಿನವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಇವೆಲ್ಲ ಅಲ್ಲಿಗೆ ಹೋದದ್ದು ಹೇಗೆ ಅಂದರೆ, ಒಂದು ಹೆದ್ದಾರಿ 'ಹೊರ್ಟಸ್ ಮಲಬಾರಿಕಸ್'. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡೆ ಬರೆಸಿದ್ದು, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ವಿವರ ಹೇಳಿದ್ದು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಆ ಮೂವರ ಪ್ರಮಾಣಪತ್ರ ನಾಗರಿ ಲಿಪಿಯಲ್ಲೇ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಲಿನೇಯಸ್ ಮಲಬಾರನ್ನು ಕಂಡವನಲ್ಲ, ಈ ಸಂಪುಟಗಳನ್ನು ಮುಂದಿಟ್ಟುಕೊಂಡು ಸ್ವೀಡನ್ನಿನ ಚಳಿಯಲ್ಲಿ ನಮ್ಮ ಗಿಡಗಳಿಗೆ ನಾಮಕರಣ ಮಾಡಿದ. ಮಗು ನೋಡದೆ ಜಾತಕ ಬರೆದ ಹಾಗೆ. ಅಂದಹಾಗೆ, ಆ ಗ್ರಂಥಕ್ಕೆ ಟಿಪ್ಪಣಿ ಬರೆದವರಲ್ಲಿ ಒಬ್ಬ ಯಾನ್ ಕಾಮೆಲಿನ್. ಮೇಲೆ ಹೇಳಿದ ನೀಲಿ ಹೂವಿನ ದೊಡ್ಡ ಎಸಳು.

ರಾಗಿಯ ವಿಷಯ ಹೇಳದಿದ್ದರೆ ಹಳೇ ಮೈಸೂರಿನವರು ನನ್ನನ್ನು ಬಿಡುವುದಿಲ್ಲ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಯಾರು ಹೆಚ್ಚೆಂದು ಜಗಳ ಬಿದ್ದು ಕೊನೆಗೆ ರಾಗಿ ಗೆಲ್ಲುತ್ತದೆ. ಆ ತೀರ್ಪು ಯುರೋಪಿಗೂ ಮುಟ್ಟಿತ್ತೋ ಏನೋ ಎಂಬ ಗುಮಾನಿ ನನಗೆ. ಅಕ್ಕಿಗೆ ಸಿಕ್ಕಿದ್ದು ಆ ಊರು ತುಂಬ ಇರುವ ಸಟೈವಾ. ರಾಗಿಗೆ 'ಎಲೂಸಿನೆ ಕೊರಕಾನಾ'. ಕೊರಕಾನಾ ಸಿಂಹಳದ ಕುರಕ್ಕನ್, ಅದಿರಲಿ. ಎಲೂಸಿನೆ ಬಂದದ್ದು ಗ್ರೀಸಿನ ಎಲ್ಯೂಸಿಸ್ ಎಂಬ ಊರಿನಿಂದ. ಧಾನ್ಯದೇವತೆ ಡಿಮೀಟರಳ ದೊಡ್ಡ ಕ್ಷೇತ್ರ ಅದು, ರಹಸ್ಯ ಪೂಜೆಗಳಿಗೆ ದೇಶವೆಲ್ಲ ಅಲ್ಲಿಗೆ ಸೇರುತ್ತಿತ್ತು. ಮುದ್ದೆ ನುಂಗುವಾಗ ಇನ್ನು ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳಿ.

ರಾಯರ ಜೊತೆ ಲಾಲ್‌ಬಾಗಿಗೆ ವಾಕಿಂಗ್ ಹೋದಾಗ ಇನ್ನೊಂದು ತಕರಾರಾಯಿತು. ಅಲ್ಲಿ ಮರಮರಕ್ಕೂ ಫಲಕ. ಅರಳಿ ಮರದ ಮುಂದೆ ನಿಂತು ರಾಯರು 'ಫೈಕಸ್ ರಿಲಿಜಿಯೋಸಾ' ಎಂದು ಗಟ್ಟಿಯಾಗಿ ಓದಿ ಪ್ರದಕ್ಷಿಣೆಗೆ ಹೊರಟರು. ನಾನು ತಡೆದೆ. ನಮ್ಮೂರಿನಲ್ಲಿ ಅಶ್ವತ್ಥಕಟ್ಟೆ ಕಟ್ಟಿ ಅರಳಿಗೂ ಬೇವಿಗೂ ಮದುವೆ ಮಾಡುತ್ತಾರೆ, ಅರಳಿ ಗಂಡು, ಬೇವು ಹೆಣ್ಣು. ಆದರೆ ಲ್ಯಾಟಿನ್ನಿನಲ್ಲಿ ಮರಗಳೆಲ್ಲ ಸ್ತ್ರೀಲಿಂಗ. ಫೈಕಸ್ ಎಂದು ನೋಡಲು ಗಂಡಸಿನ ಹಾಗೆ ಕಂಡರೂ ಒಳಗೆ ಹೆಣ್ಣು, ಅದಕ್ಕೇ ಪಕ್ಕದಲ್ಲಿ ರಿಲಿಜಿಯೋಸಸ್ ಅನ್ನದೆ ರಿಲಿಜಿಯೋಸಾ ಎಂದದ್ದು. ಬೇವು 'ಅಜಾಡಿರಾಕ್ಟಾ ಇಂಡಿಕಾ', ಪರ್ಷಿಯನ್ನಿನ 'ಆಜಾದ್ ದರಖ್ತ್', ಸ್ವತಂತ್ರ ವೃಕ್ಷ, ಅದೂ ಹೆಣ್ಣೇ. "ಹಾಗಾದರೆ ನಮ್ಮೂರಲ್ಲಿ ನನ್ನಪ್ಪ ಮುಂದೆ ನಿಂತು ಮಾಡಿಸಿದ ಮದುವೆ?" ಅಂದರು ರಾಯರು. "ಕನ್ನಡದಲ್ಲಿ ಊರ್ಜಿತ" ಅಂದೆ. ಅವರು ಪ್ರದಕ್ಷಿಣೆ ಮುಗಿಸಿದರು, ಆದರೆ ಲೆಕ್ಕ ತಪ್ಪಿತು.

ರಾಯರು ಬೇಸರಪಟ್ಟುಕೊಂಡದ್ದು ನೋಡಿ ಸಮಾಧಾನ ಹೇಳಿದೆ. ಹೊಸ ಗಿಡ ಕಂಡವರು ಅದರ ವಿವರವನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕೆಂಬ ಕಟ್ಟಳೆ 2011ರ ಕೊನೆಯವರೆಗೂ ಇತ್ತು, 2012ರಿಂದ ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ, ನಿಧಾನಕ್ಕೆ ಸಡಿಲವಾಗುತ್ತಿದೆ ಎಂದೆ. "ಹೆಸರು?" ಎಂದರು. ಹೆಸರು ಮಾತ್ರ ಈಗಲೂ ಲ್ಯಾಟಿನ್ ವೇಷದಲ್ಲೇ ಇರಬೇಕು. ಅವರ ಮುಖ ಅರಳಿತು. ನಮ್ಮ ಸಸ್ಯಶಾಸ್ತ್ರಿ ಬಿ.ಜಿ.ಎಲ್. ಸ್ವಾಮಿಯವರು ತಾವು ಕಂಡ ಗಿಡಗಳಿಗೆ ಬೈಲಿ, ಮಹೇಶ್ವರಿ ಎಂಬ ಹಿರಿಯ ಸಸ್ಯಶಾಸ್ತ್ರಿಗಳ ಹೆಸರಿಟ್ಟದ್ದನ್ನು ಹೇಳಿದಾಗ ಅವರ ಕಣ್ಣಲ್ಲಿ ಒಂದು ಆಸೆ ಹೊಳೆದದ್ದನ್ನೂ ಕಂಡೆ. ಆ ಮೇಲಿನಿಂದ ತಾರಸಿಯಲ್ಲಿ ತಾನಾಗಿ ಹುಟ್ಟಿದ ಕಳೆಯನ್ನೂ ಅವರು ಭೂತಗನ್ನಡಿಯಿಲ್ಲದೆ ಕೀಳುವುದಿಲ್ಲ.

ಇನ್ನು ಆ ಕೆಸುವಿನ ಕಥೆ.

ಶ್ರಾವಣದಲ್ಲಿ ರಾಯರು ಮಗನ ಮನೆಗೆಂದು ಹತ್ತು ದಿನ ಹೋದರು. ಗಿಡಗಳಿಗೆ ನೀರು ಹಾಕಲು ಬೀಗದ ಕೈ ನಮ್ಮಲ್ಲಿ. ಅದೇ ವಾರ ತೀರ್ಥಹಳ್ಳಿಯಿಂದ ನಮ್ಮತ್ತೆ ಬಂದರು. ಮಗಳ ಜೊತೆ ತಾರಸಿಗೆ ಹೋದವರು ಸೆರಗಿನಲ್ಲಿ ಏನೋ ಕಟ್ಟಿಕೊಂಡು ಇಳಿದರು. ಮಧ್ಯಾಹ್ನ ಅಕ್ಕಿ ನೆನೆ ಹಾಕಿದ್ದು, ಮೆಣಸು, ಕೊತ್ತಂಬರಿ, ಕಾಯಿ ಹಾಕಿ ರುಬ್ಬಿದ್ದು ಎಲ್ಲ ಕಂಡರೂ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಸಂಜೆಗೆ ಪತ್ರೊಡೆ.

"ಹೆಸರಲ್ಲೇ ಬರೆದಿದೆಯಂತಲ್ಲ, ತಿನ್ನಬಹುದು ಅಂತ. ನೀವೇ ಹೇಳಿದ್ದು" ಅಂದಳು ಹೆಂಡತಿ.

ರಾಯರು ಮರಳಿದ ರಾತ್ರಿ ಎರಡನೇ ಕೊಯ್ಲಿನ ಪತ್ರೊಡೆ ನಾಲ್ಕು ಹೋಳು ಅವರ ಮನೆಗೂ ಹೋಯಿತು. ತಿಂದರು, ಹೊಗಳಿದರು, ಇನ್ನೆರಡು ಕೇಳಿ ಕಳಿಸಿದರು. ಅರ್ಧ ಗಂಟೆಗೆ ಗಂಟಲು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅಂದಕ್ಕೆ ಬೆಳೆಸಿದ ಕೆಸು, ತುರಿಕೆ ಜಾಸ್ತಿ. "ನಾನು ಆಗಲೇ ಅಂದೆ, ಹುಣಸೆಹಣ್ಣು ಸಾಲದು ಅಂತ" ಎಂದು ಒಳಗಿನಿಂದ ಅತ್ತೆ. ಇಂಡಿಯಾ ಇಂಡಿಯಾ ಅಂತ ಎರಡು ಸಲ ಹೇಳಿಸಿಕೊಂಡರೂ ಹೊತ್ತಿಗೆ ಒದಗಲಿಲ್ಲ. ರಾಯರು ಗಂಟಲು ಕೆರೆದುಕೊಳ್ಳುತ್ತಲೇ ಮೇಲಕ್ಕೆ ನೋಡಿದರು, ನಮ್ಮನ್ನು ನೋಡಿದರು, ಏನೂ ಹೇಳದೆ ತಾರಸಿ ಮೆಟ್ಟಿಲು ಹತ್ತಿದರು.

ಮರುದಿನ ಪಿಂಗಾಣಿ ಕುಂಡದಲ್ಲಿ ಎರಡೇ ಎಲೆ ಉಳಿದಿದ್ದವು. ಕಡ್ಡಿ ಹೊಸದು. 'ಎಸ್ಕುಲೆಂಟಾ' ಹೋಗಿತ್ತು. ಅದೇ ದುಂಡು ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ: 'ಕೋಲೊಕೇಸಿಯಾ ನೋಲಿ-ಟಾಂಗೆರೆ'.

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅದೇನು ಬರೆದಿದ್ದಾರೆ ಅಳಿಯಂದಿರೇ?"

"ಇನ್ನೊಂದು ವಾರ ಬಲೀಲಿ ಅಂತ" ಅಂದೆ.